ಜಾಗ ಹಿಡಿಯುವ ಉಷಾ ಆಂಟಿ

ಅಮೆರಿಕದ ಸಮರ್‌ಸೆಟ್‌ನ ನಮ್ಮ ಕನ್ನಡ ಕೂಟದಲ್ಲಿ ನಾಟಕ ಅಂದರೆ ಉಷಾ ಆಂಟಿ ಎಲ್ಲರಿಗಿಂತ ಮೊದಲು ಹಾಜರು. ಮುಂದಿನ ಸಾಲಿನ ಕುರ್ಚಿಗಳ ಮೇಲೆ ಶಾಲು, ಸ್ವೆಟರ್, ಕಾರಿನ ಕೀ, ಕೈಗೆ ಸಿಕ್ಕಿದ್ದನ್ನೆಲ್ಲ ಇಟ್ಟು ಊರಿನವರಿಗೆಲ್ಲ ಜಾಗ ಹಿಡಿಯುತ್ತಾರೆ. ನಾವು ಮಹಾರಾಣಿಯರು ಸೀರೆ ಸರಿಮಾಡಿಕೊಳ್ಳುತ್ತಾ ತಡವಾಗಿ ಬಂದು ಕೂರುತ್ತೇವೆ. ಆಂಟಿ ಎದ್ದು ಹೋಗಿ ಬಿಸಿಬೇಳೆಬಾತಿನ ಟ್ರೇಗಳ ಮುಂದೆ ನಿಲ್ಲುತ್ತಾರೆ. ಇದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ, ನನಗೂ.

ಔಷಧ ಕಂಪನಿಯ ಲ್ಯಾಬಿನಿಂದ ರಿಟೈರ್ ಆದಮೇಲೆ ಆಂಟಿ ಹತ್ತಿರದ ಹಳೆಯ ಊರೊಂದರ ಹಿಸ್ಟರಿ ಸೊಸೈಟಿಗೆ ವಾಲಂಟಿಯರ್ ಆಗಿ ಹೋಗತೊಡಗಿದರು. ಬ್ರಿಟಿಷರ ಕಾಲದಲ್ಲಿ ಆ ಊರಿನಲ್ಲಿ ಅಚ್ಚಾದ ಪತ್ರಿಕೆಗಳನ್ನು ಓದಿ ಕಂಪ್ಯೂಟರಿಗೆ ಟೈಪ್ ಮಾಡುವ ಕೆಲಸ. ಹಡಗು ಬಂದ ಸುದ್ದಿ, ಟೀ ಪುಡಿಯ ಜಾಹೀರಾತು, ಓಡಿಹೋದ ಗುಲಾಮನನ್ನು ಹಿಡಿದುಕೊಟ್ಟವರಿಗೆ ಇನಾಮು, ಅದರ ಕೆಳಗೇ ಇಂದು ಸಂಜೆಯ ನಾಟಕ. ಹೊರಗೆ ಮೇಪಲ್ ಎಲೆ ಉದುರುತ್ತಿದ್ದರೆ ಆಂಟಿ ಆ ಹಾಳೆಯೊಳಗೆಲ್ಲೋ ಇರುತ್ತಿದ್ದರು. ಮೇಣದಬತ್ತಿಯ ವಾಸನೆ ಬರುತ್ತದೆ, ಪಿಟೀಲು ಶ್ರುತಿ ಮಾಡುವುದು ಕೇಳಿಸುತ್ತದೆ ಅನ್ನುತ್ತಿದ್ದರು. ಅವರನ್ನು ಮನೆಗೆ ಕರೆದೊಯ್ಯಲು ಬಂದ ನಾನು ಹೆಗಲು ಮುಟ್ಟಿದರೂ ಈ ಕಾಲಕ್ಕೆ ಮರಳುವುದಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು.

ಒಂದು ದಿನ ಅವರೇ ನನ್ನ ಕೈ ಎಳೆದರು. "ಅನು, ಇಲ್ಲೆ ಓದು."

ಅದೊಂದು ನಾಟಕದ ಜಾಹೀರಾತು. ಆಟ ಆರಕ್ಕೆ ಶುರು. ಮಹಿಳೆಯರು ತಮ್ಮ ಆಳುಗಳನ್ನು ನಾಲ್ಕಕ್ಕೇ ಕಳಿಸಿ ಜಾಗ ಹಿಡಿಸಬೇಕಾಗಿ ವಿನಂತಿ, ಎಂದಿತ್ತು. ಆ ಆಳುಗಳಲ್ಲಿ ಬಹಳ ಜನ ಗುಲಾಮರೇ. ಒಡತಿ ಬಂದ ಕೂಡಲೇ ಎದ್ದು ಹೋಗಬೇಕು.

"ಧಾರವಾಡದಾಗ ಕಾಕಾನ ಮನ್ಯಾಗ ಬೆಳದಾಕಿ ನಾನು," ಅಂದರು ಆಂಟಿ. "ಕಂಪನಿ ನಾಟಕ ಬಂತಂದ್ರ ನನ್ನ ಮೊದಲ ಕಳಸ್ತಿದ್ರು, ಜಮಖಾನಿ ಹಾಸಿ ಕೂಡಲಿಕ್ಕೆ. ಮೂರನೇ ಗಂಟಿ ಹೊಡಿಯೂದ್ರಾಗ ಕಾಕು ಬರ್ತಿದ್ಲು. ನಾ ಮನಿಗೆ ಹೋಗಿ ತೊಟ್ಟಲಾ ತೂಗಬೇಕು. ಇಲ್ಲಿ ಬಂದಮ್ಯಾಲೂ ಅದ ರೂಢಿ. ಶುರುವಿಂದ ಒಂದು ನಾಟಕಾನೂ ನೋಡಿಲ್ಲ ನಾ. ಸಾಯೂದ್ರಾಗ ಒಮ್ಮೆ ನೋಡಬೇಕು."

ನಾನು ಆ ಜಾಹೀರಾತನ್ನು ಮತ್ತೊಮ್ಮೆ ಓದಿದೆ.

ಅಕ್ಟೋಬರಿನಲ್ಲಿ ಸೊಸೈಟಿಯವರು ಆ ಜಾಹೀರಾತಿನ ಸಂಜೆಯನ್ನೇ ಮತ್ತೆ ಆಡಿ ತೋರಿಸಲು ಹೊರಟರು. ಹಳೆಯ ಹೆಂಚಿನ ಹಾಲ್, ಬ್ಯಾಟರಿಯ ಮೇಣದಬತ್ತಿ, ಒಂದು ಪ್ರಹಸನ. ವಾಲಂಟಿಯರ್‌ಗಳಲ್ಲಿ ಕೆಲವರು ಆಳುಗಳಾಗಿ ಮುಂಚೆಯೇ ಕೂರಬೇಕು, ವೇಷ ಹಾಕಿದ ಒಡತಿಯರು ಬಂದಾಗ ಎದ್ದು ಹೊರಗೆ ಹೋಗಬೇಕು. ಆಂಟಿಗೆ ಕೊಟ್ಟ ಪಾತ್ರ ಯಾವುದು ಅಂತ ಬೇರೆ ಹೇಳಬೇಕೆ? ಅವರು ಎಂದಿನಂತೆ ಹೂಂ ಅಂದಿದ್ದರು. ಆಂಟಿಯನ್ನು ಕರೆದೊಯ್ಯಲು ಬರುತ್ತಿದ್ದ ನನ್ನನ್ನೇ ಅವರ ಒಡತಿ ಮಾಡಿದ್ದರು. ಬುಟ್ಟಿಯಂಥ ಲಂಗದಲ್ಲಿ ಬಾಗಿಲು ದಾಟುವುದೇ ಸಾಹಸವಾಯಿತು.

ಮಬ್ಬು ಬೆಳಕಿನಲ್ಲಿ ಆಳುಗಳು ಒಬ್ಬೊಬ್ಬರಾಗಿ ಎದ್ದರು. ನಾನು ಆಂಟಿಯ ಮುಂದೆ ಹೋಗಿ ನಿಂತೆ. ಅವರು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ನಾ ಏಳೂದಿಲ್ಲ, ಅನು."

ನಮ್ಮನ್ನು ನೋಡಿ ಜನ ಪಿಸುಗುಟ್ಟಿದರು. ಸೊಸೈಟಿಯ ಹೆಂಗಸು ಬಗ್ಗಿಕೊಂಡೇ ಓಡಿ ಬಂದು, ಅವರು ಈಗ ಹೊರಗೆ ಹೋಗಬೇಕು ಅಂತ ನನ್ನ ಕಿವಿಯಲ್ಲಿ ಹೇಳಿದಳು.

"ದಟ್ಸ್ ಹರ್ ಸೀಟ್," ಅಂದೆ. ಆ ಲಂಗದಲ್ಲೇ ಬೆಂಚಿನ ಪಕ್ಕ ಗೋಡೆಗೆ ಒರಗಿ ನಿಂತೆ.

ಪರದೆ ಸರಿಯಿತು. ಒಬ್ಬ ಹುಡುಗಿ ಕಸ ಗುಡಿಸುತ್ತಾ, ಯಾರೂ ಇಲ್ಲದ ಕೋಣೆಯಲ್ಲಿ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಳು. ಆಂಟಿಯ ಬಾಯಿ ಅರೆ ತೆರೆದಿತ್ತು, ಕೆನ್ನೆ ಒದ್ದೆಯಾಗಿತ್ತು.

"ಹಿಂಗ ಶುರು ಆಗ್ತದ ಏನು," ಅಂದರು.