ಗೊಂಬೆ ಮೆಟ್ಟಿಲಿನ ಜಪಾನು ಮೂಲೆ

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮಹಡಿ ಕೋಣೆಗೆ ಜಪಾನಿನ ಹುಡುಗಿಯೊಬ್ಬಳು ಬಾಡಿಗೆಗೆ ಬಂದಾಗ ನಾನು ಬಿ.ಎಡ್. ಓದುತ್ತಿದ್ದೆ. ಅವಳು ಯೋಗ ಕಲಿಯಲು ಬಂದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅಪ್ಪ ಹೋದ ಮೇಲೆ ಆ ಕೋಣೆ ಖಾಲಿ ಬಿದ್ದಿತ್ತು. ಹೊರದೇಶದವಳು, ಏನು ತಿನ್ನುತ್ತಾಳೋ, ಹೇಗಿರುತ್ತಾಳೋ ಎಂದು ಅಮ್ಮನಿಗೆ ಒಳಗೊಳಗೇ ಅಳುಕು.

ಬಂದ ದಿನವೇ ಅವಳು ಕೆಳಗಿಳಿದು ಬಂದು, ನೀಲಿ ಬಟ್ಟೆಯ ಪುಟ್ಟ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಅಮ್ಮನಿಗೆ ಕೊಟ್ಟಳು. ಬಿಚ್ಚಿದರೆ ಹೆಬ್ಬೆರಳಿನಷ್ಟು ಉದ್ದದ ಪಿಂಗಾಣಿ ಮೀನು. ಬೆನ್ನು ತಗ್ಗಾಗಿ, ಬಾಲ ಮೇಲೆದ್ದಿತ್ತು. ಯಾರೋ ಹಿಂದಿನಿಂದ ಕರೆದಂತೆ ಕಣ್ಣು ಅಗಲಿಸಿಕೊಂಡಿತ್ತು. ಮತ್ಸ್ಯಾವತಾರವೇ ಇರಬೇಕೆಂದುಕೊಂಡ ಅಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ದಿನವೂ ಹೂವೇರಿಸತೊಡಗಿದಳು.

ಒಂದು ಬೆಳಿಗ್ಗೆ ಕಾಫಿಗೆ ಬಂದ ಹುಡುಗಿ ಗೂಡಿನತ್ತ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯುತ್ತಿದ್ದಾಳೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಅವಳು ನನಗೆ ವಿವರಿಸಿದಳು: ಅವರು ಅನ್ನ ತಿನ್ನಲು ಬಳಸುವ ಜೋಡಿ ಕಡ್ಡಿಗಳನ್ನು ಊಟದ ನಡುವೆ ಒರಗಿಸಿಡಲು ಇರುವ ಆಸರೆಯಂತೆ ಅದು. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮೀನನ್ನೇ ನೋಡುತ್ತ ಯೋಚಿಸಿದಳು.

"ಅದ್ರ ಮೇಲೆ ಯಾರೂ ಎಂಜ್ಲು ಇಟ್ಟಿಲ್ವಲ್ಲ? ಹಂಗಾದ್ರೆ ಇಲ್ಲೇ ಇರ್ಲಿ ಬುಡು. ಇಷ್ಟು ದಿನ ಕೈ ಮುಗ್ದುಬುಟ್ಟಿದೀನಿ, ಈಗೆಂಗೆ ಎತ್ತಿಡ್ಲಿ?"

ಅಲ್ಲಿಂದ ಅವರಿಬ್ಬರ ನಡುವೆ ಭಾಷೆಯಿಲ್ಲದ ಸ್ನೇಹ ಬೆಳೆಯಿತು. ಭಾಷೆಯೂ ನಿಧಾನವಾಗಿ ಬಂತು. ಸೊಪ್ಪು ಬಿಡಿಸುತ್ತ, ಹೂ ಕಟ್ಟುತ್ತ ಅಮ್ಮ ಆಡುತ್ತಿದ್ದ ಕನ್ನಡವನ್ನೇ ಅವಳು ಕಲಿತದ್ದು. ವರ್ಷದಲ್ಲಿ ಕೆಲವು ತಿಂಗಳು ನಮ್ಮಲ್ಲಿರುತ್ತಿದ್ದಳು, ಊರಿಗೆ ಹೋಗಿ ಮತ್ತೆ ಬರುತ್ತಿದ್ದಳು. ಬರುವಾಗ ದಾರಿಯಲ್ಲಿ ಬೇರೆ ದೇಶಗಳಲ್ಲೂ ಇಳಿದು, ಅಮ್ಮನಿಗೆಂದೇ ಏನಾದರೊಂದು ಹುಡುಕಿ ತರುತ್ತಿದ್ದಳು. ಕೊರಿಯಾದಿಂದ ಕೊಕ್ಕಿಗೆ ದಾರ ಸುತ್ತಿದ ಒಂದು ಜೋಡಿ ಮರದ ಬಾತುಕೋಳಿ ತಂದಳು. ಮದುವೆಯಲ್ಲಿ ಕೊಡುವಂಥದ್ದಂತೆ. ಇನ್ನೊಮ್ಮೆ ಥಾಯ್ಲೆಂಡಿನಿಂದ ಅಂಗೈಯಗಲದ ಬುಟ್ಟಿ, ಅದರ ತುಂಬ ಕಡಲೆಕಾಳಿನ ಗಾತ್ರದ ಮಣ್ಣಿನ ಹಣ್ಣುಗಳು. ಅದರಲ್ಲಿ ಹಲಸಿನಹಣ್ಣೂ ಇದ್ದದ್ದು ಕಂಡು ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು.

ನವರಾತ್ರಿಯಲ್ಲಿ ಇವೆಲ್ಲ ಗೊಂಬೆ ಮೆಟ್ಟಿಲೇರಿದವು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ದಶಾವತಾರ, ಶೆಟ್ಟಿ ದಂಪತಿ, ತೀರಾ ಕೆಳಗೆ ಒಂದು ಬದಿಗೆ ಈ ಹೊಸಬರು. ಕೊರಿಯಾದ್ದಿರಲಿ, ಥಾಯ್ಲೆಂಡಿನದ್ದಿರಲಿ, ಬೀದಿಯವರಿಗೆಲ್ಲ ಅದು ಜಪಾನು ಮೂಲೆ. ಹುಡುಗಿ ಮೊದಲ ಸಲ ಮೆಟ್ಟಿಲು ನೋಡಿದಾಗ ಹತ್ತಿರ ಹೋಗಿ ಒಂದೊಂದು ಸಾಲನ್ನೂ ಎಣಿಸಿದ್ದಳು. ಅವರಲ್ಲೂ ಹೆಣ್ಣುಮಕ್ಕಳ ಹಬ್ಬಕ್ಕೆ ಕೆಂಪು ಬಟ್ಟೆ ಹಾಸಿದ ಮೆಟ್ಟಿಲ ಮೇಲೆ ರಾಜ ರಾಣಿಯ ಗೊಂಬೆ ಕೂರಿಸುತ್ತಾರಂತೆ. ಅಜ್ಜಿ ತೀರಿಕೊಂಡ ಮೇಲೆ ತಮ್ಮ ಮನೆಯಲ್ಲಿ ಯಾರೂ ಕೂರಿಸಿಲ್ಲ ಎಂದಳು.

ಆ ಮಾತು ಅಮ್ಮನ ಮನಸ್ಸಿನಲ್ಲಿ ಉಳಿಯಿತು. ಅವಳಿಗೆ ನಾವೂ ಏನಾದರೂ ಕೊಡಬೇಕೆಂದು ಹಟ ಹಿಡಿದಳು. ಭಾನುವಾರಗಳಲ್ಲಿ ನನ್ನನ್ನು ಎಳೆದುಕೊಂಡು ಅಂಗಡಿ ಅಂಗಡಿ ತಿರುಗಿದಳು. ಗಂಧದ ಆನೆ ಬೇಡ, ಅದನ್ನು ಬಂದವರೆಲ್ಲ ಕೊಂಡೊಯ್ಯುತ್ತಾರೆ. ಅಗರಬತ್ತಿ ಉರಿದು ಬೂದಿಯಾಗುತ್ತದೆ. ಮುಷ್ಟಿಯೊಳಗೆ ಹಿಡಿಯಬೇಕು, ನೋಡಿದರೆ ನಗು ಬರಬೇಕು ಎಂಬುದು ಅಮ್ಮನ ಲೆಕ್ಕ. ಕೊನೆಗೆ ಅಗ್ರಹಾರದ ಹಳೇ ಪಾತ್ರೆ ಅಂಗಡಿಯೊಂದರಲ್ಲಿ, ದೀಪದ ಕಂಬಗಳ ಹಿಂದೆ ಧೂಳು ತಿನ್ನುತ್ತಿದ್ದ ಆಟದ ಸಾಮಾನುಗಳ ನಡುವೆ ಸಿಕ್ಕಿತು: ಮೂರು ಕಾಲಿನ ಹಿತ್ತಾಳೆ ಶಾವಿಗೆ ಒರಳು. ನನ್ನ ಬೆರಳಿನಷ್ಟೇ ಎತ್ತರ. ಹಿಡಿ ತಿರುಗಿಸಿದರೆ ನಿಜವಾಗಿಯೂ ತಿರುಗುತ್ತಿತ್ತು. ಅಮ್ಮ ಅಂಗಡಿಯಲ್ಲೇ ನಕ್ಕಳು.

ಹುಣಸೆಹಣ್ಣಿನಲ್ಲಿ ಬೆಳಗಿ ಅದನ್ನು ಅವಳ ಕೈಗಿಟ್ಟಾಗ ಅವಳು ಹಿಡಿ ತಿರುಗಿಸಿದಳು, ತಳದ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಹಾಗೆಯೇ ಕೆಳಗೆ ಕೂತಳು. ಬೇಸಿಗೆಯಲ್ಲಿ ಅವಳಜ್ಜಿ ಸಮುದ್ರದ ಪಾಚಿ ಬೇಯಿಸಿ ಗಟ್ಟಿಯಾಗಿಸಿ, ಮರದ ಪೆಟ್ಟಿಗೆಗೆ ತುಂಬಿ ಕೋಲಿನಿಂದ ತಳ್ಳುತ್ತಿದ್ದಳಂತೆ. ಇನ್ನೊಂದು ತುದಿಯಿಂದ ಎಳೆಎಳೆಯಾಗಿ ಬಟ್ಟಲಿಗೆ ಬೀಳುತ್ತಿತ್ತಂತೆ. ಹೇಳುತ್ತ ಹೇಳುತ್ತ ಅವಳು ಹಿಡಿಯನ್ನು ತಿರುಗಿಸುತ್ತಲೇ ಇದ್ದಳು. ಅಮ್ಮ ಎದ್ದು ಒಳಗೆ ಹೋಗಿ ಅಕ್ಕಿಹಿಟ್ಟಿನ ಉಂಡೆ ಬೇಯಿಸಿದಳು. ಆ ಸಂಜೆ ಮೂವರೂ ಕೂತು ಆಟದ ಒರಳಿನಲ್ಲಿ ಶಾವಿಗೆ ಒತ್ತಿದೆವು. ಎಷ್ಟು ಒತ್ತಿದರೂ ಒಂದು ತಟ್ಟೆ ತುಂಬಲಿಲ್ಲ. ಕಾಯಿಹಾಲು ಹಾಕಿಕೊಂಡು ಒಬ್ಬೊಬ್ಬರು ಎರಡೆರಡು ತುತ್ತು ತಿಂದೆವು.

ಆಮೇಲೆ ಅವಳ ಮದುವೆಯಾಯಿತು, ಬರುವುದು ಕಡಿಮೆಯಾಯಿತು. ಕೊರೊನಾ ಬಂದ ಮೇಲೆ ನಿಂತೇ ಹೋಯಿತು. ವೀಡಿಯೊ ಕರೆಯಲ್ಲಿ ಅಮ್ಮನೂ ಅವಳೂ ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನೆ ನಗುತ್ತಿದ್ದರು. ಒಂದು ಸಲ ಅವಳು ಫೋನು ತಿರುಗಿಸಿ ತೋರಿಸಿದಳು: ಅಜ್ಜಿಯ ಗೊಂಬೆಗಳನ್ನು ಕೊನೆಗೂ ಹೊರತೆಗೆದು, ಕೆಂಪು ಮೆಟ್ಟಿಲ ಮೇಲೆ ಕೂರಿಸಿದ್ದಳು. ಕೆಳಗಿನ ಮೆಟ್ಟಿಲಲ್ಲಿ ನಮ್ಮ ಒರಳು ಹೊಳೆಯುತ್ತಿತ್ತು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅದಾದ ಮುಂದಿನ ವರ್ಷ ಅಮ್ಮ ತೀರಿಕೊಂಡಳು.

ಆ ವರ್ಷ ನಾನು ಗೊಂಬೆ ಕೂರಿಸಲಿಲ್ಲ. ಅದರ ಮುಂದಿನ ವರ್ಷವೂ ಮನಸ್ಸಾಗಲಿಲ್ಲ. ಹೋದ ನವರಾತ್ರಿಗೆ ಅವಳು ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅಮ್ಮನ ಫೋಟೋ ಮುಂದೆ ತಲೆ ಬಾಗಿಸಿ, ಖಾಲಿ ನಡುಮನೆಯನ್ನು ನೋಡಿ, ಗೊಂಬೆ ಪೆಟ್ಟಿಗೆ ಎಲ್ಲಿ ಎಂದು ಕೇಳಿದಳು. ಈ ವರ್ಷವೂ ಬೇಡ ಎಂದೆ.

"ಹಂಗನ್ಬೇಡ ಕಣಮ್ಮ. ಗೊಂಬೆಗಳು ಕತ್ತಲಲ್ಲಿ ಬೇಜಾರು ಮಾಡ್ಕೊಂಡ್ಬುಡ್ತವೆ."

ಮಾತು ಅವಳದು, ದನಿಯ ಏರಿಳಿತ ಪೂರ್ತಿ ಅಮ್ಮನದು. ನಾನು ಎದ್ದು ಏಣಿ ತಂದೆ. ಅಟ್ಟದಿಂದ ಪೆಟ್ಟಿಗೆ ಇಳಿಸಿದೆವು. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರಿಗೆ ಹೇಗೋ ಗೊತ್ತಾಗಿ ಒಬ್ಬೊಬ್ಬರಾಗಿ ಬಂದರು. ಕುಂಕುಮ ಕೊಟ್ಟವಳೂ ಅವಳೇ, ಕಡಲೆ ಉಸಲಿ ಹಂಚಿದವಳೂ ಅವಳೇ. ಯಾರೋ ಹಾಡಲು ಹೇಳಿದರು. ಅವಳು ಕಣ್ಣು ಮುಚ್ಚಿ ತಮ್ಮ ಕಡೆಯ ಜೋಗುಳವೊಂದನ್ನು ಹಾಡಿದಳು. ಯಾರಿಗೂ ಅರ್ಥವಾಗದಿದ್ದರೂ ಯಾರೂ ಅಲ್ಲಾಡಲಿಲ್ಲ.

ವಿಜಯದಶಮಿಯ ಮಾರನೆಯ ದಿನ ಗೊಂಬೆಗಳನ್ನು ಅಮ್ಮನ ಹಳೇ ಹತ್ತಿ ಸೀರೆಗಳ ತುಂಡಿನಲ್ಲಿ ಸುತ್ತಿ ಒಳಗಿಡುತ್ತಿದ್ದೆವು. ಅವಳು ಒಂದು ತುಂಡನ್ನು ಕೈಯಲ್ಲೇ ಹಿಡಿದುಕೊಂಡು, ಇದನ್ನು ತಾನು ಒಯ್ಯಬಹುದೇ ಎಂದು ಕೇಳಿದಳು. ನಾನು ಎದ್ದು ಬೀರುವಿನಿಂದ ಅಮ್ಮ ಉಡುತ್ತಿದ್ದ ಹಸಿರು ಸೀರೆಯನ್ನೇ ತಂದು ಅವಳ ಮಡಿಲಿಗಿಟ್ಟೆ. ಅವಳು ಅದನ್ನು ಮಡಿಸಿದಳು, ಮತ್ತೆ ಮಡಿಸಿದಳು, ಆದಷ್ಟು ಚಿಕ್ಕದು ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ನಾನು ಉಳಿದ ಗೊಂಬೆಗಳನ್ನು ಸುತ್ತತೊಡಗಿದೆ.