ನಮ್ಮ ಬದುವಿಗೆ ಬೆಂಕಿ ಹಚ್ಚಿಸಿದ್ದು ನಾನೇ

ಗೆಳತಿಯರೇ, ಹಿರೇವಡ್ಡಟ್ಟಿಯಲ್ಲಿ ನಮ್ಮ ಮನೆತನಕ್ಕೆ ಹಿರಿಯಳು ನಾನು. ನಾನು ಹೇಳದೆ ನಮ್ಮ ಹೊಲದಲ್ಲಿ ಯಾವ ಕೆಲಸವೂ ಆಗುವುದಿಲ್ಲ.

ಇಂದು ಸಮುದಾಯ ಭವನದಲ್ಲಿ ಹಕ್ಕಿಗಳನ್ನು ಉಳಿಸುವ ಕಾರ್ಯಾಗಾರವಿತ್ತು. ಕಲಿಸಲು ಬಂದ ಹುಡುಗಿ ಬದುವಿನ ಹುಲ್ಲಿನಲ್ಲಿ ಗೂಡು ಕಟ್ಟುವ ಕೌಜುಗ ಹಕ್ಕಿಯ ಸುಟ್ಟ ಮೊಟ್ಟೆಗಳ ಫೋಟೊ ತೋರಿಸಿ, "ಈ ಬದು ಯಾರದ್ರಿ?" ಎಂದಳು. ಬದು ನಮ್ಮದೇ.

ನನ್ನ ಮಗ ತಟ್ಟನೆ, "ನಮ್ಮ ಆಳು ಫಕೀರವ್ವ ಬೆಂಕಿ ಹಚ್ಚ್ಯಾಳ್ರಿ" ಎಂದ. ಹಿಂದೆ ಕುಳಿತಿದ್ದ ಫಕೀರವ್ವ ತಲೆ ತಗ್ಗಿಸಿ, "ಹೌದ್ರಿ, ನಂದ ತಪ್ಪು" ಎಂದಳು.

ನಾನು ಎದ್ದು ನಿಂತೆ. "ಆಕಿಗೆ ಸುಡು ಅಂದಾಕಿ ನಾನು. ಪ್ರತಿ ವರ್ಷ ಬಿತ್ತೂಕಿಂತ ಮೊದಲ ಬದುವಿನ ಹುಲ್ಲು ಸುಡಸ್ತೀನಿ."

"ಯವ್ವಾ, ಕುಂಡ್ರು. ನಮ್ಮ ಮಾನ ಹೋಗತೈತಿ" ಎಂದ ಮಗ.

"ಆಕಿಗಿಲ್ಲೇನಲೇ ಮಾನ?"

ಇನ್ನು ನಮ್ಮ ಉಳಿದ ಬದುಗಳನ್ನು ಸುಡುವುದಿಲ್ಲ. ಅಲ್ಲಿ ಗೂಡು ಹುಡುಕಿ, ಪಕ್ಕದಲ್ಲಿ ಗೂಟ ನೆಟ್ಟು ಗುರುತು ಹಾಕುವ ಕೆಲಸಕ್ಕೆ ಫಕೀರವ್ವನೇ ಮುಖ್ಯಸ್ಥೆ. ಅವಳ ಹಿಂದೆ ಗೂಟ ಹೊರಲು ಮಗನನ್ನು ಸಂಜೆಯೇ ಕಳಿಸಿದ್ದೇನೆ.