ತಳದಲ್ಲಿ ಹತ್ತೊಂಬತ್ತು ಡಿಗ್ರಿ

ಅಮೆರಿಕದ ರಿಚರ್ಡ್‌ಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡಿಗ್ರಿ ಇಲ್ಲದವರೇ ಇರಲಿಲ್ಲ. ಅದನ್ನು ದಿನಾ ನೀರಿಗಿಳಿಸಿ ನೋಡುತ್ತಿದ್ದವರು ಮಾತ್ರ ಗದಿಗೆಪ್ಪನವರೊಬ್ಬರೇ. ಬಾಗಲಕೋಟೆಯವರು, ಟೆಲಿಕಾಂ ಕಂಪನಿಯೊಂದರಲ್ಲಿ ಕೇಬಲ್ ಪರೀಕ್ಷಿಸುವ ಕೆಲಸ. ಆಫೀಸಿಗೆ ಹೊರಡುವ ಮುಂಚೆ ಹಿತ್ತಲ ಕೆರೆಗೆ ಹೋಗಿ, ಉದ್ದ ತಂತಿಯ ಥರ್ಮಾಮೀಟರ್ ಇಳಿಬಿಟ್ಟು, ಮೇಲಿನ ನೀರು ಎಷ್ಟು, ತಳದ್ದು ಎಷ್ಟು ಎಂದು ಬರೆದುಕೊಳ್ಳುತ್ತಿದ್ದರು. ಆರು ಚಳಿಗಾಲ ಇದೇ ವ್ರತ.

ಲೆಕ್ಕ ಸರಳ. ಮೇಲೆ ತಣ್ಣಗಾದ ನೀರು ಮುಳುಗುತ್ತದೆ, ಕೆಳಗಿನ ಬೆಚ್ಚನೆಯದು ಏಳುತ್ತದೆ. ತಳವೂ ನಾಲ್ಕು ಡಿಗ್ರಿಗೆ ಇಳಿದ ಮೇಲೇ ಕೆರೆ ಮೇಲಿಂದ ಹೆಪ್ಪುಗಟ್ಟುವುದು. ಫ್ರಿಜ್ಜಿನ ಟ್ರೇ ಬಿಟ್ಟು ಬೇರೆ ಮಂಜುಗಡ್ಡೆ ಕಾಣದ ನಮಗೆಲ್ಲ ಅವರ ಮಾತೇ ಶಾಸನ.

ಎರಡು ಸಾವಿರನೇ ಇಸವಿಯ ಡಿಸೆಂಬರಿನ ಒಂದು ಭಾನುವಾರ ಕೆರೆ ಪೂರ್ತಿ ಬೆಳ್ಳಗಾಯಿತು. ಮಕ್ಕಳು ಶೂ ಬಿಗಿದು ದಡದಲ್ಲಿ ಸಾಲುಗಟ್ಟಿದರು. ಗದಿಗೆಪ್ಪ ಸುತ್ತಿಗೆಯಿಂದ ತೂತು ಮಾಡಿ ತಂತಿ ಇಳಿಸಿದರು. ಮೇಲೆ ಸೊನ್ನೆ. ತಳದಲ್ಲಿ ಹತ್ತೊಂಬತ್ತು.

"ಇಳಿಯಂಗಿಲ್ರಿ ಯಾರೂ."

"ಥರ್ಮಾಮೀಟರಿಗೇ ಜ್ವರ ಬಂದಿರ್ಬೇಕು," ಎಂದರು ಪಕ್ಕದ ಮನೆಯ ಮೋಹನರಾಜ. "ಹೋದ ವರ್ಷಾನೂ ಬೇಡ ಅಂದ್ರಿ. ನೀವು ಗದಿಗೆಪ್ಪ ಅಲ್ಲ, ಬೇಡಪ್ಪ."

ಅವರ ಮಗಳು ದಿಯಾ ಒಂದು ಕಾಲು ಮುಂದಿಟ್ಟೇ ಇದ್ದಳು. "ಅಂಕಲ್, ಜಸ್ಟ್ ಟೂ ಮಿನಿಟ್ಸ್."

ಗದಿಗೆಪ್ಪ ಕಿರುಬಾಯಿಯ ಚೆಂಬಿಗೆ ಹಗ್ಗ ಕಟ್ಟಿ, ತಳದ ನೀರು ಸೇದಿ, ಮೋಹನರಾಜರ ಮುಂದೆ ಹಿಡಿದರು. ಅವರು ಬೆರಳು ಅದ್ದಿದರು. ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯಷ್ಟು ಬೆಚ್ಚಗಿತ್ತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು, ಮತ್ತೂ ಒಮ್ಮೆ ಒರೆಸಿಕೊಂಡರು, ಮಗಳ ತೋಳು ಹಿಡಿದು ಮನೆಗೆ ನಡೆದರು. ಉಳಿದವರೂ ಹಿಂದೆಯೇ ಹೋದರು.

ಬಿಸಿಲಿಲ್ಲದ ಆ ಮಧ್ಯಾಹ್ನ ನಾವು ಕಿಟಕಿಗಳಿಂದ ನೋಡಿದೆವು. ನಡುಗೆರೆಯಲ್ಲಿ ಮಂಜುಗಡ್ಡೆ ಕಪ್ಪಾಗಿ, ಮಲಗಿದ ಆಳಿನಷ್ಟು ಅಗಲಕ್ಕೆ ಬಾಯಿ ಬಿಟ್ಟಿತು. ಆ ಕಪ್ಪು ನಿಧಾನವಾಗಿ ದಡದ ಕಡೆ ಸರಿಯಿತು. ಮಕ್ಕಳು ಸಾಲುಗಟ್ಟಿದ್ದ ಜಾಗಕ್ಕೆ ಬಂದು ನಿಂತಿತು.

ಬಿಸಿನೀರಿನ ಕೊಳವೆ ಒಡೆದಿರಬೇಕೆಂದು ಅಪಾರ್ಟ್‌ಮೆಂಟ್ ಆಫೀಸಿನವರು ಬಂದು ಹುಡುಕಿದರು. ಆ ಕಡೆ ಕೊಳವೆಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಿರುಕೆಲ್ಲ ಕೂಡಿಕೊಂಡಿತ್ತು. ತಳ ಕರಾರುವಾಕ್ಕಾಗಿ ನಾಲ್ಕು ಡಿಗ್ರಿ. ದಿಯಾ ಬಾಲ್ಕನಿಯಿಂದ ಕೇಳಿದಳು: "ಇಸ್ ಇಟ್ ಓಕೆ ನೌ, ಅಂಕಲ್?"

ಆರು ವರ್ಷದ ಬರಹದ ಪ್ರಕಾರ ಹೂಂ ಅನ್ನಬೇಕಿತ್ತು. ಗದಿಗೆಪ್ಪ ತಂತಿ ಸುತ್ತಿಕೊಂಡು ಕೆರೆಗೆ ಬೆನ್ನು ಮಾಡದೆ ಹಿಂದಡಿ ಇಡುತ್ತ ಬಂದರು.

"ಬ್ಯಾಡವ್ವ," ಎಂದರು ಮೆಲ್ಲಗೆ. "ನೀವು ಎಲ್ಲಿಂದ ಇಳೀತೀರಂತ ಅದಕ್ಕ ಗೊತ್ತಾಗೇತಿ."